ಗೌರತ್ತೆಯ ಜೊತೆ ಕೂರುವ ಕೆಲಸ

ನನ್ನ ಜಿಪುಣತನದ ಬಗ್ಗೆ ಹೆಂಡತಿ ಹೇಳುವುದೆಲ್ಲ ಸುಳ್ಳಲ್ಲ. ಬದನೆಕಾಯಿಗೆ ನಾಲ್ಕಾಣೆಯಾದರೂ ಇಳಿಸದೆ ನಾನು ಶಿಕಾರಿಪುರದ ಸಂತೆಯಿಂದ ಮನೆಗೆ ಬಂದವನಲ್ಲ. ಮೇಷ್ಟರ ಸಂಬಳದಲ್ಲಿ ಸಂಸಾರ ತೂಗಿಸುವವನಿಗೆ ಅದೂ ಒಂದು ವಿದ್ಯೆ ಎಂದು ವಾದಿಸುತ್ತಿದ್ದೆ. ಆದರೆ ಒಮ್ಮೆ ಮಾಡಬಾರದ ಕಡೆ ಚೌಕಾಸಿ ಮಾಡಿದೆ. ಅದನ್ನು ಹೇಳಿಬಿಡುತ್ತೇನೆ.

ಗೌರತ್ತೆ ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ನಾನೂ ನನ್ನ ತಮ್ಮ ಮಂಜನೂ ಓದಿದ್ದು ಅವಳ ಮನೆಯಲ್ಲಿದ್ದುಕೊಂಡೇ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವಳಿಗೆ ಮರೆವು ಹತ್ತಿಕೊಂಡಿತು. ಉಂಡು ಕೈ ತೊಳೆದವರಿಗೇ ಮತ್ತೆ ಎಲೆ ಹಾಕುತ್ತಿದ್ದಳು, ಗಿರಾಕಿಗಳೇನೂ ಬೇಸರಪಟ್ಟುಕೊಳ್ಳಲಿಲ್ಲ. ಒಂದು ದಿನ ಒಲೆಯ ಮೇಲೆ ಎಣ್ಣೆ ಇಟ್ಟು ಮರೆತಳು. ಅರ್ಧ ಅಡುಗೆಮನೆ ಸುಟ್ಟಿತು. ಖಾನಾವಳಿ ಮುಚ್ಚಿಸಿ ಮಂಜ ಅವಳನ್ನು ಅದೇ ಊರಿನ ತನ್ನ ಮನೆಗೆ ಕರೆದೊಯ್ದ. ಶಿವಮೊಗ್ಗದ ಡಾಕ್ಟರು, "ಇದು ವಾಸಿಯಾಗೋದಲ್ಲ. ಯಾರಾದರೂ ಸದಾ ಜೊತೆಗಿರಬೇಕು," ಎಂದರು. ಮಂಜನಿಗೆ ಗೊಬ್ಬರದ ಅಂಗಡಿ, ಅವನ ಹೆಂಡತಿಗೆ ಅಂಗನವಾಡಿ. ಮನೆ ಅವರದು, ನೋಡಿಕೊಳ್ಳುವವರ ಸಂಬಳ ನನ್ನದು ಎಂದು ತೀರ್ಮಾನವಾಯಿತು.

ಈಸೂರಿನ ಕಡೆಯ ಮಾಳವ್ವನನ್ನು ಹುಡುಕಿದವನು ನಾನೇ. ಕುರಿ ಸಾಕುವ ಮನೆಯವಳು, ಐವತ್ತು ದಾಟಿದ ಹೆಂಗಸು. ಊಟ, ವಸತಿಯ ಮೇಲೆ ತಿಂಗಳಿಗೆ ಐನೂರು ಕೇಳಿದಳು.

"ಬಟ್ಟೆ ಒಗೆಯೋದಿಲ್ಲ, ಅಡುಗೆ ಮಾಡೋದಿಲ್ಲ. ವಯಸ್ಸಾದೋರ ಜೊತೆ ಸುಮ್ನೆ ಕೂರೋದಕ್ಕೆ ಐನೂರಾ ಮಾಳವ್ವ?" ಎಂದೆ.

"ನಿಮಗೆ ತಿಳಿದಷ್ಟು ಕೊಡ್ರಿ ಸರ್," ಎಂದಳು. ಮುನ್ನೂರಕ್ಕೆ ಒಪ್ಪಿಸಿ, ಗೆದ್ದವನ ಹಾಗೆ ಬಸ್ಸು ಹತ್ತಿದೆ.

ಎಂಟು ತಿಂಗಳು ಒಂದೂ ದೂರಿಲ್ಲದೆ ಕಳೆಯಿತು. ಬೇಸಿಗೆ ರಜೆಯಲ್ಲಿ ಮಾಳವ್ವ ಮಗಳ ಹೆರಿಗೆಗೆಂದು ಊರಿಗೆ ಹೋದಾಗ ಅವಳ ಜಾಗಕ್ಕೆ ನಾನು ಹೋದೆ. ಹೊತ್ತು ಕಳೆಯಲು ಎರಡು ದಪ್ಪ ಪುಸ್ತಕ ಚೀಲದಲ್ಲಿ ಇಟ್ಟುಕೊಂಡಿದ್ದೆ ಎಂದರೆ ಆ ಕೆಲಸವನ್ನು ನಾನು ಏನೆಂದುಕೊಂಡಿದ್ದೆ, ನೋಡಿ.

ಬೆಳಿಗ್ಗೆ ಹತ್ತಕ್ಕೆ ಅತ್ತೆ ಸೆರಗು ಸಿಕ್ಕಿಸಿ ಎದ್ದು ನಿಂತಳು. "ಜನ ಬರೋ ಹೊತ್ತಾತು. ಅನ್ನಕ್ಕೇ ಇಟ್ಟಿಲ್ಲ ಇನ್ನೂ."

ತಪ್ಪು ಕಂಡರೆ ತಿದ್ದುವುದು ಮೇಷ್ಟರ ರೋಗ. "ಅತ್ತೆ, ಖಾನಾವಳಿ ಮುಚ್ಚಿ ವರ್ಷದ ಮೇಲಾತಲ್ಲ," ಎಂದೆ.

ಆಗಷ್ಟೇ ಸುದ್ದಿ ಕೇಳಿದವಳಂತೆ ಕುಸಿದು ಕೂತು ಅತ್ತಳು. ಅರ್ಧ ಗಂಟೆಯಲ್ಲಿ ಸುದ್ದಿಯನ್ನೂ ಅಳುವನ್ನೂ ಮರೆತು ಮತ್ತೆ ಸೆರಗು ಸಿಕ್ಕಿಸಿದಳು. ನಾನು ಮತ್ತೆ ತಿದ್ದಿದೆ. ಎರಡು ದಿನದಲ್ಲಿ ಅವಳ ಖಾನಾವಳಿಯನ್ನು ಹತ್ತು ಸಲವಾದರೂ ಮುಚ್ಚಿರಬೇಕು. ಪುಸ್ತಕಗಳು ಚೀಲದಿಂದ ಹೊರಗೇ ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹತ್ತು ನಿಮಿಷ ತೂಕಡಿಸಿದೆ. ಕಣ್ಣು ಬಿಟ್ಟಾಗ ಅತ್ತೆ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹೂವಿನವಳು, "ಬಸ್ ಹತ್ತಿದ್ದು ಕಂಡೆ, ಯಾವುದು ಅಂತ ನೋಡ್ಲಿಲ್ರೀ," ಎಂದಳು. ಮಂಜ ಸ್ಕೂಟರಿನಲ್ಲಿ ಸಾಗರದ ರಸ್ತೆ ಹಿಡಿದ, ನಾನು ಬಸ್ಸಿನಲ್ಲಿ ಆನವಟ್ಟಿ ಕಡೆ ಹೊರಟು ಪ್ರತಿ ನಿಲ್ದಾಣದಲ್ಲೂ ಇಳಿದು ಕೇಳಿದೆ. ಸಂಜೆಯ ಹೊತ್ತಿಗೆ ಕುಬಟೂರಿನ ಹಳೆಯ ಗುಡಿಯೊಂದರ ಜಗುಲಿಯ ಮೇಲೆ ಸಿಕ್ಕಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಣಕೈ ತರಚಿತ್ತು. ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿ, "ಯಾಕಪ್ಪಾ ಅಳ್ತೀಯ? ನಿನ್ನ ಕಡೇರು ಯಾರೂ ಬರಲಿಲ್ವಾ?" ಎಂದಳು.

ಮಾಳವ್ವ ವಾಪಸು ಬಂದ ದಿನ, "ಇಷ್ಟು ದಿನ ಹ್ಯಾಗೆ ಸುಧಾರಿಸಿದೆ?" ಎಂದು ಕೇಳಿದೆ.

"ಅಮ್ಮಾರು ಹೇಳಿದ್ದಕ್ಕೆ ನಾನು ಇಲ್ಲ ಅನ್ನಲ್ರೀ. ಎಷ್ಟು ಮಂದಿಗೆ ಅಡಿಗೆ ಅಂತ ಕೇಳ್ತೀನಿ. ಇಪ್ಪತ್ತು ಅಂದ್ರೆ ಇಪ್ಪತ್ತು. ಮೊರದಾಗೆ ಅಕ್ಕಿ ಹಾಕಿ ಕೊಡ್ತೀನಿ, ಆರಿಸ್ತಾ ಕೂರ್ತಾರೆ. ಸಂಜೆಗೆ, ಎಲ್ಲಾರೂ ಉಂಡು ಹೋದ್ರು ಅಂತೀನಿ. ಆಗ ಅವರಿಗೆ ನೆಮ್ಮದಿ."

"ಅದು ಸುಳ್ಳಲ್ವಾ?"

"ಅವರನ್ನ ತಿದ್ದಿ ನನಗೇನಾಗಬೇಕ್ರೀ?"

ಆ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಅತ್ತೆ ತನ್ನನ್ನು ಮರೆತಳೆಂಬ ನೋವು ಮಾಳವ್ವನಿಗಿರಲಿಲ್ಲ. ಪ್ರತಿ ಬೆಳಿಗ್ಗೆ ಹೊಸಬಳಾಗಿ ಪರಿಚಯ ಮಾಡಿಕೊಳ್ಳುವುದು ಅವಳಿಗೆ ಕಷ್ಟವಾಗಲಿಲ್ಲ. ನೆಂಟರಾದ ನಮಗೆ ಮಾತ್ರ ಅತ್ತೆ ಹಳೆಯ ಅತ್ತೆಯಾಗಿಯೇ ಇರಬೇಕಿತ್ತು. ನಾನು ತಿದ್ದುತ್ತಿದ್ದುದು ಅವಳಿಗಾಗಿ ಅಲ್ಲ, ನನಗಾಗಿ. ನನ್ನಲ್ಲಿಲ್ಲದ ತಾಳ್ಮೆಯನ್ನು ತಿಂಗಳಿಗೆ ಮುನ್ನೂರಕ್ಕೆ ಕೊಂಡಿದ್ದೆ! ಆ ತಿಂಗಳಿಂದ ಐನೂರು ಕೊಟ್ಟೆ. ಅದಕ್ಕೆಂದು ಸಂಜೆ ಮನೆಪಾಠ ಶುರುಮಾಡಿದಾಗ ಹೆಂಡತಿ ಮೊದಲ ಬಾರಿಗೆ ನನ್ನ ಖರ್ಚೊಂದನ್ನು ಮೆಚ್ಚಿದಳು.

ದಸರಾ ರಜೆಯಲ್ಲಿ ಹೋದಾಗ ಅತ್ತೆ ನನ್ನನ್ನು ನೋಡಿ ಮಾಳವ್ವನ ಕಡೆ ತಿರುಗಿ, "ಯಾರೇ ಇವರು?" ಎಂದಳು.

ಮಾಳವ್ವ ನನಗಿಂತ ಮೊದಲು ಬಾಯಿ ತೆರೆದಳು. "ಊಟಕ್ಕೆ ಬಂದಾರೆ ಅಮ್ಮಾರೆ."

"ಕೂತ್ಕೊಳ್ರೀ," ಎಂದಳು ಅತ್ತೆ. ಹುಟ್ಟಿದಾಗಿನಿಂದ ನನ್ನನ್ನು 'ಲೋ' ಎಂದು ಕರೆದವಳು. ಕೂತೆ. ಮಂಜನ ಹೆಂಡತಿ ಮಾಡಿಟ್ಟಿದ್ದ ಅನ್ನ ಸಾರನ್ನು ಅತ್ತೆಯೇ ಬಡಿಸಿದಳು. ಉಂಡು ಕೈ ತೊಳೆದು ಜೇಬಿನಿಂದ ಹತ್ತು ರೂಪಾಯಿ ತೆಗೆದು ಅವಳ ಮುಂದೆ ಹಿಡಿದೆ.

ಅತ್ತೆ ನೋಟನ್ನು ನೋಡಿದಳು, ನನ್ನನ್ನು ನೋಡಿದಳು.

"ಇರ್ಲಿ, ಇಟ್ಕೊಳ್ರೀ. ಮೊದಲ್ನೇ ಸಲ ಬಂದಿದೀರಿ."