ಬಸ್ತೆ ಹೊತ್ತ ಆರು ತಿಂಗಳು

ಹೋದ ತಿಂಗಳು ಹೊಲದ ಉತಾರ ತರಲು ನಿಲಂಗಾದ ಕಚೇರಿಗೆ ಹೋಗಿದ್ದೆ. ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿತ್ತು. ಪಡಸಾಲೆಯಲ್ಲಿ ಯಾರೋ ಕೆಂಪು ಬಟ್ಟೆಯ ಗಂಟೊಂದನ್ನು ಬಿಚ್ಚಿದರು. ಒಣಗಿದ ಬೇವಿನ ಎಲೆ, ಧೂಳು, ಹಳೆಯ ಮಸಿ, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಸರದಿ ಬಂದು ಹೆಸರು ಕೂಗಿದರೂ ನಾನು ಏಳಲಿಲ್ಲ. ಅರವತ್ತು ವರ್ಷದ ಹಿಂದಿನ ಒಂದು ಕೋಣೆ, ಅದರೊಳಗೆ ಓಡಾಡುತ್ತಿದ್ದ ಒಬ್ಬ ಹಿರಿಯರು... ನಮ್ಮ ದಫ್ತರಿ ಚಾಚಾ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮಿ ಆಳ್ವಿಕೆ ಹೋದ ಎರಡು ಮೂರು ವರ್ಷಕ್ಕೆ ನಾನು ಅದೇ ನಿಲಂಗಾದ ತಹಸೀಲ ಕಚೇರಿಯಲ್ಲಿ ಹಂಗಾಮಿ ಕಾರಕೂನನಾಗಿ ಸೇರಿದೆ. ಕಾಸಾರಶಿರಸಿ ಕಡೆಯ ಒಕ್ಕಲು ಮನೆತನ ನಮ್ಮದು. ಅಲ್ಲಿಯವರೆಗೆ ಕುಂಟೆಯ ಹಿಂದೆ ನಡೆದ ಕಾಲುಗಳು ಮೇಜಿನ ಕೆಳಗೆ ಸುಮ್ಮನೆ ಕೂತವು. ಮೊದಲು ಕಾರಕೂನರು ನೆಲದ ಮೇಲೆ ಕೂತು ಬರೆಯುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಕುರ್ಚಿ ಬಂದಿತ್ತು, ಕುರ್ಚಿಯ ಹಿಂದೆಯೇ ಮೇಜಿನ ಮೇಲೆ ಕರೆಗಂಟೆಯೂ ಬಂದಿತ್ತು. ನೀರು ಬೇಕೆಂದರೆ ಗಂಟೆ, ಚಹಾ ಬೇಕೆಂದರೆ ಗಂಟೆ. ಎರಡು ವರ್ಷದಲ್ಲಿ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ನಿಲ್ಲದಾಯಿತು.

ಖಾಯಂ ಆಗಬೇಕಾದರೆ ಉದಗೀರದ ಸರಕಾರಿ ಡಾಕ್ಟರರ ಪ್ರಮಾಣಪತ್ರ ಬೇಕಿತ್ತು. ತಂದೆ ತೀರಿಕೊಂಡಿದ್ದರು, ಇಬ್ಬರು ತಮ್ಮಂದಿರ ಓದು ನನ್ನ ನೌಕರಿಯ ಮೇಲೆ ನಿಂತಿತ್ತು. ಡಾಕ್ಟರರು ನನ್ನನ್ನು ದವಾಖಾನೆಯ ಮೆಟ್ಟಿಲು ಮೂರು ಸಲ ಹತ್ತಿಸಿ ಇಳಿಸಿದರು, ನಾಡಿ ಹಿಡಿದರು.

"ಇಪ್ಪತ್ಮೂರು ವರ್ಷದಾಂವಾ ನೀ! ನಾಕು ಪಾವಟಿಗಿ ಏರಿ ಹಿಂಗ ತೇಕತಿ? ಆರು ತಿಂಗಳು ಬಿಟ್ಟು ಬಾ. ಆಗೂ ಹಿಂಗೇ ಬಂದ್ರ ನಾಲಾಯಕ ಅಂತ ಬರೀತೀನಿ ನೋಡು" ಎಂದರು.

ನಾನು ನಿಯಮದ ಮನುಷ್ಯ. ಕೂಡಲೇ ಉಪವಾಸದ ಪಟ್ಟಿ ಹಾಕಿದೆ. ಸೋಮವಾರ ಮೊದಲೇ ಇತ್ತು. ಗುರುವಾರ, ಶನಿವಾರ ಸೇರಿಸಿದೆ. ನಾನು ಊಟ ಮಾಡುತ್ತಿದ್ದ ಖಾನಾವಳಿ ನಡೆಸುವ, ಎಲ್ಲರೂ ಮಾವಶಿ ಎನ್ನುತ್ತಿದ್ದ ಹೆಂಗಸಿಗೆ ಈ ಭಕ್ತಿ ಕಂಡು ಆನಂದವಾಯಿತು. ಉಪವಾಸದ ದಿನ ತುಪ್ಪದಲ್ಲಿ ಹುರಿದ ಶಾಬುದಾಣಿ ಖಿಚಡಿ, ಶೇಂಗಾ ಉಂಡಿ, ಸಕ್ಕರೆ ಹಾಕಿದ ಹಾಲು. "ತಿನ್ನೋ ಬಾಳಾ, ಉಪಾಸ ಇದ್ದೀ, ಚಕ್ಕರ್ ಬಂದೀತು" ಎಂದು ಮೇಲೊಂದು ಉಂಡಿ. ತಿಂಗಳು ಕಳೆದ ಮೇಲೆ ಅಡತಿ ಅಂಗಡಿಯಲ್ಲಿ ಚೀಲ ತೂಗುವ ತಕ್ಕಡಿಯ ಮೇಲೆ ನಿಂತೆ. ಮೊದಲಿಗಿಂತ ನಾಲ್ಕು ಸೇರು ಹೆಚ್ಚು. ಹಮಾಲನೊಬ್ಬ ಕೇಳಿಯೇ ಬಿಟ್ಟ: "ಸಾಹೇಬ್ರ, ನೀವು ಮಾಡೋದು ಉಪಾಸೋ, ಮದವಿ ಊಟೋ?"

ಮರುದಿನ ಸಿಟ್ಟಿನಲ್ಲೇ ಕಚೇರಿಗೆ ಹೋದೆ. ಒಂದು ಹಳೆಯ ಕಡತ ಬೇಕಿತ್ತು, ಗಂಟೆ ಬಾರಿಸಿದೆ. ಕಡತಗಳ ಕೋಣೆ ನೋಡಿಕೊಳ್ಳುತ್ತಿದ್ದ ದಫ್ತರಿ ಚಾಚಾ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತರು. ಐವತ್ತು ದಾಟಿದ ವಯಸ್ಸು, ಬಿಳಿ ಗಡ್ಡ, ಕೋಲಿನಂಥ ನೆಟ್ಟ ಬೆನ್ನು.

"ಗಂಟಿ ಬಾರ್ಸಿದ್ರ ಬಸ್ತಾ ಓಡಿ ಬರ್ತಾವೇನ್ರೀ ಸಾಹೇಬ್ರ? ಅವಕ್ಕ ಕಾಲಿಲ್ಲ. ನಿಮಗ ಅವ ಅಲ್ಲ?"

ಕಚೇರಿಯೆಲ್ಲ ನಕ್ಕಿತು. ಮುಖ ಕೆಂಪಾಗಿ ಅವರ ಹಿಂದೆ ಹೋದೆ. ಬಸ್ತೆ ಎಂದರೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು, ಒಂದೊಂದೂ ಹತ್ತು ಸೇರಿನಷ್ಟು ಭಾರ. ಬಗ್ಗಿ ಒಂದನ್ನು ಎತ್ತಿದೆ; ಸೊಂಟ ಹಿಡಿಯಿತು, ತೇಕು ಹತ್ತಿತು. ಅವರೀಗ ನಗಲಿಲ್ಲ. ಏನಾಗಿದೆ ಎಂದು ಕೇಳಿದರು. ಡಾಕ್ಟರರು ಹೇಳಿದ್ದು, ಉಪವಾಸದ ಕಥೆ, ತಮ್ಮಂದಿರ ಮಾತು, ಎಲ್ಲ ಹೇಳಿಬಿಟ್ಟೆ. ಸಂತೆಯಲ್ಲಿ ಎತ್ತಿನ ಭುಜ ನೋಡುವ ಹಾಗೆ ಅವರು ನನ್ನ ತೋಳು ಒತ್ತಿ ನೋಡಿದರು.

"ಎಲುಬು ಚಲೋ ಅದ ಬೇಟಾ. ಮ್ಯಾಲ ಬೆಣ್ಣಿ ಮೆತ್ತಿ. ನಾಳಿ ಮುಂಜಾನಿ ಏಳಕ್ಕ ಬಾ. ಏಳಂದ್ರ ಏಳು."

ಕಾಗದಕ್ಕೆ ಹುಳ ಬೀಳಬಾರದೆಂದು ಬಸ್ತೆ ಇಳಿಸಿ, ಧೂಳು ಝಾಡಿಸಿ, ಬೇವಿನ ಎಲೆ ಬದಲಿಸಿ ಮತ್ತೆ ಏರಿಸುವುದು ಅವರ ಕೆಲಸ. ಅದನ್ನು ನನಗೂ ಹಂಚಿದರು. ಮೊದಲ ವಾರ ದಿನಕ್ಕೆ ಹತ್ತು, ಎರಡನೆಯ ವಾರ ಹದಿನೈದು, ಕೊನೆಗೆ ನಲವತ್ತು. ಸೊಂಟವಲ್ಲ, ಮೊಣಕಾಲು ಬಗ್ಗಬೇಕು. ಬಸ್ತೆ ಎದೆಗೆ ಒತ್ತಿಕೊಂಡು ನೆಟ್ಟಗೆ ಏಳಬೇಕು, ತಲೆಗಿಂತ ಎತ್ತರದ ಹಲಗೆಗೆ ಎರಡೂ ತೋಳಿನಿಂದ ಏರಿಸಬೇಕು. ಇಳಿಸುವಾಗ ಧಪ್ ಎಂದು ಬಿಟ್ಟರೆ ಅದು ಲೆಕ್ಕಕ್ಕಿಲ್ಲ. "ಇಳಸೂದರಾಗೇ ತೋಳು ಆಗ್ತದ" ಎನ್ನುತ್ತಿದ್ದರು. ಹರೆಯದಲ್ಲಿ ಅವರು ತಮ್ಮೂರು ಲೋಹಾರಾದ ತಾಲೀಮಿನಲ್ಲಿ, ಎಂದರೆ ಗರಡಿಮನೆಯಲ್ಲಿ, ಹುಡುಗರಿಗೆ ಕುಸ್ತಿ ಕಲಿಸಿದವರು. ಪೊಲೀಸ್ ಆ್ಯಕ್ಷನ್ ಗಲಾಟೆಯ ವರ್ಷ ತಾಲೀಮಿಗೆ ಬೀಗ ಬಿತ್ತಂತೆ. ಯಾಕೆ, ಯಾರು ಹೋದರು, ಯಾರು ಉಳಿದರು... ನಾನು ಕೇಳಲೇ ಇಲ್ಲ.

ಮೇಜಿನ ಮೇಲಿನ ಗಂಟೆಯನ್ನು ಅವರೇ ಒಯ್ದು ತಮ್ಮ ಕೋಣೆಯಲ್ಲಿಟ್ಟರು. ನೀರಿಗೂ ಕಡತಕ್ಕೂ ನಾನೇ ಏಳತೊಡಗಿದೆ. ಖಾನಾವಳಿಗೂ ಬಂದು ಮಾವಶಿಗೆ ಕೈಮುಗಿದರು: "ಅಕ್ಕಾ, ಇಂವಗ ಉಪಾಸ ಬ್ಯಾಡ. ಊಟ ಕೊಡ್ರಿ. ಜ್ವಾಳದ ರೊಟ್ಟಿ, ಬ್ಯಾಳಿ, ಪಲ್ಲೆ, ಮಜ್ಜಗಿ. ಉಂಡಿ ಮಾತ್ರ ಮುಚ್ಚಿಡ್ರಿ." ಮಾವಶಿ ವಾರವಿಡೀ ಮುನಿಸಿಕೊಂಡಿದ್ದಳು. ದಿನಕ್ಕೆ ಆರು ಕಪ್ಪಿದ್ದ ಚಹಾ ಎರಡಕ್ಕೆ ಇಳಿಯಿತು.

ಮೂರನೆಯ ತಿಂಗಳು ತೂಕ ಇಳಿಯುವುದು ನಿಂತುಹೋಯಿತು. ಇದು ಆಗುವ ಮಾತಲ್ಲ ಎಂದು ಎರಡು ದಿನ ಹೋಗಲಿಲ್ಲ. ಮೂರನೆಯ ಮುಂಜಾನೆ ಅವರು ನನ್ನ ಖೋಲಿಯ ಬಾಗಿಲಿಗೇ ಬಂದರು. ಬೈಯಲಿಲ್ಲ. "ನಿನ್ನ ಪಾಲಿಂದು ಎಂಬತ್ತು ಬಸ್ತಾ ಉಳದಾವ. ನಾ ಮುಟ್ಟಿಲ್ಲ" ಎಂದಷ್ಟೇ ಹೇಳಿ ಹಿಂತಿರುಗಿದರು. ಎದ್ದು ಅವರ ಹಿಂದೆಯೇ ಹೋದೆ. ಮತ್ತೆ ಒಂದು ಮುಂಜಾನೆಯೂ ತಪ್ಪಿಸಲಿಲ್ಲ.

ಆರು ತಿಂಗಳಿಗೆ ಸರಿಯಾಗಿ ಉದಗೀರಕ್ಕೆ ಹೋದೆ. ಡಾಕ್ಟರರು ಅವೇ ಮೆಟ್ಟಿಲು ಹತ್ತಿಸಿ ನಾಡಿ ಹಿಡಿದರು, ಇನ್ನೊಮ್ಮೆ ಹಿಡಿದರು. "ಯಾವ ಔಷಧಿ ತಗೊಂಡಿ?" ಎಂದು ಕೇಳಿದರು. ಕಡತ ಹೊತ್ತೆ ಎಂದೆ. ಚೇಷ್ಟೆ ಎಂದುಕೊಂಡರೇನೋ, ತಲೆ ಕೊಡವಿ ಸಹಿ ಹಾಕಿದರು. ನಿಲಂಗಾಕ್ಕೆ ಮರಳಿ ಕಾಗದ ತೋರಿಸಿದಾಗ ಚಾಚಾ ಅದನ್ನು ಓದಲೂ ಇಲ್ಲ. "ನಾಳಿ ಏಳಕ್ಕ ಬರ್ತೀ ಇಲ್ಲ?" ಎಂದರು.

ಹೋದೆ. ಮುಂದಿನ ವರ್ಷಗಳಲ್ಲೂ ಹೋದೆ. ಆಮೇಲೆ ಭಾಷೆಯ ಮೇಲೆ ರಾಜ್ಯಗಳ ವಿಂಗಡಣೆಯಾಗಿ ನಮ್ಮ ತಾಲೂಕು ಮುಂಬೈ ರಾಜ್ಯಕ್ಕೆ ಸೇರಿತು. ಹಳೆಯ ಉರ್ದು ಕಡತಗಳನ್ನು ಜಿಲ್ಲೆಯ ಊರಿಗೆ ಕಳಿಸಬೇಕೆಂದು ಹುಕುಂ ಬಂತು. ಚಾಚಾಗೆ ಉರ್ದು ಬಿಟ್ಟು ಬೇರೆ ಓದು ಬರುತ್ತಿರಲಿಲ್ಲ. ಅವರಿಗೆ ನಿವೃತ್ತಿ ಎಂದಾಯಿತು. ಲಾರಿ ಬಂದು ನಿಂತ ದಿನ ಬೇರೆ ಕಾರಕೂನರು ಯಾರೂ ಕೈ ಹಚ್ಚಲಿಲ್ಲ. ನಾವಿಬ್ಬರೇ ಮುಂಜಾನೆಯಿಂದ ಸಂಜೆಯವರೆಗೆ ಹೊತ್ತೆವು. ನನ್ನ ತೋಳಿಗೆ ಬಲ ಕೊಟ್ಟ ಕೋಣೆಯನ್ನು ಆ ತೋಳಿನಿಂದಲೇ ಬರಿದು ಮಾಡಿದೆ. ಕೊನೆಯ ಬಸ್ತೆ ನಾನು ಕೊಂಚ ಜೋರಾಗಿ ಇಳಿಸಿದೆನೇನೋ. "ಸಾವಕಾಶ" ಎಂದರು. ಅಷ್ಟೇ. ಮರುದಿನ ಲೋಹಾರಾದ ಬಸ್ಸು ಹತ್ತಿದರು.

ಅವರು ತೀರಿಕೊಂಡ ಸುದ್ದಿ ಬಂದದ್ದು ನಾಲ್ಕು ವರ್ಷದ ಮೇಲೆ, ಅದೂ ಎರಡು ತಿಂಗಳು ತಡವಾಗಿ.

ತಮ್ಮಂದಿರಿಬ್ಬರೂ ಓದಿ ಮುಂದೆ ಬಂದರು. ನನಗೀಗ ಎಂಬತ್ತು ದಾಟಿದೆ. ಮುಂಜಾನೆ ನೆಲದಿಂದ ಕೈ ಊರದೆ ಏಳುತ್ತೇನೆ. ಇದೆಲ್ಲ ಯಾರು ಕೊಟ್ಟದ್ದೆಂದು ನನಗೆ ಗೊತ್ತು. ನಿವೃತ್ತಿಯ ದಿನ ಸಾಹೇಬರು ನನ್ನನ್ನು ಹೊಗಳಿದರು: ಇಷ್ಟು ವರ್ಷದ ನೌಕರಿಯಲ್ಲಿ ಇವರು ಒಂದು ದಿನವೂ ಬೇನೆಯ ರಜೆ ತೆಗೆದುಕೊಂಡವರಲ್ಲ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೋಹಾರಾಕ್ಕೆ ಹೋಗಿ ಚಾಚಾರನ್ನು ನೋಡಿ ಬರಲು ಒಂದೇ ದಿನದ ರಜೆ ಸಾಕಿತ್ತು. ಆ ನಾಲ್ಕು ವರ್ಷದಲ್ಲಿ ಅದನ್ನೂ ನಾನು ತೆಗೆದುಕೊಳ್ಳಲಿಲ್ಲ...