‘ಅಕಿ ಹಿಂಗ, ಅಂವ ಹಂಗ’ ಎಂಬ ಕ್ಯಾಸೆಟ್ಟು

ನನಗೆ ಗಂಡಸರ ದನಿಗಿಂತ ಹೆಂಗಸರ ದನಿಯಲ್ಲಿ ಜಗಳವಾಡುವುದು ಚೆನ್ನಾಗಿ ಬರುತ್ತದೆ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ಈ ವಿದ್ಯೆಯಿಂದಲೇ ಒಂದು ಕ್ಯಾಸೆಟ್ಟು ಆಗಿದೆ. ಗಂಡ-ಹೆಂಡಿರ ಹಾಡು, ಜಗಳ, ರಾಜಿಗಳ ಆ ಕ್ಯಾಸೆಟ್ಟಿನ ಹೆಸರೇ ‘ಅಕಿ ಹಿಂಗ, ಅಂವ ಹಂಗ’.

ಮೊದಲು ಜೇವರ್ಗಿಯಲ್ಲಿ ಚಾಂದಸಾಬರ ಕ್ಯಾಸೆಟ್ ಅಂಗಡಿಯೊಳಗೇ ಬಾಗಿಲು ಹಾಕಿಕೊಂಡು ರೆಕಾರ್ಡು ಮಾಡಿದೆವು. ನಗುವವರಿಲ್ಲದ ನಗೆಹಾಡು ಉಪ್ಪಿಲ್ಲದ ಝುಣಕ. ನಡುನಡುವೆ ಚಾಂದಸಾಬರೇ ನಕ್ಕರು. ಕೇಳಿದರೆ ಯಾರಿಗೋ ಹಲ್ಲುನೋವು ಬಂದಂತಿತ್ತು. “ಇದಕ್ಕ ಖರೇ ಮಂದಿ ಬೇಕಪಾ ಮಲ್ಲಣ್ಣ,” ಎಂದರು. ಹೀಗಾಗಿ ಒಂದು ಭಾನುವಾರ ಮಧ್ಯಾಹ್ನ ನೆಲೋಗಿಯ ಶಾಲೆಯ ಅಂಗಳದಲ್ಲಿ ಹಾರ್ಮೋನಿಯಂ, ತಬಲಾ, ಒಂದು ಟೇಪು, ಮತ್ತು ಅಂಗಳ ತುಂಬ ಖರೇ ಮಂದಿ!

ಹೊರಡುವಾಗ, ಜೊತೆಗೆ ಬರುತ್ತಿದ್ದ ಹೆಂಡತಿ ಕಸ್ತೂರಿ ಒಂದೇ ಷರತ್ತು ಹಾಕಿದ್ದಳು. “ಯಾರ ದನಿ ಬೇಕಾದ್ರ ತೆಗೀರಿ. ನನ್ನ ದನಿ ತೆಗದೀರಿ ಅಂದ್ರ ಅಲ್ಲಿಂದನ ಅತನೂರ ಬಸ್ ಹತ್ತತೀನಿ ನೋಡ್ರಿ.” ಅತನೂರು ಅವಳ ತವರು. ಮದುವೆಯಾಗಿ ಎಂಟೇ ತಿಂಗಳು. ಆಣೆ ಮಾಡಿದೆ.

ಆದರೆ ಮಂದಿಯ ನಗು ಅಮಲಿನ ಪದಾರ್ಥ. ಬಸ್ಸಿನಲ್ಲಿ ಹುಲಿ, ಹೆಂಡತಿಯ ಮುಂದೆ ಇಲಿಯಾಗುವ ಕಂಡಕ್ಟರನನ್ನು ಹಾಡಿದೆ. ಮನೆಯಲ್ಲಿ ತಾನೇ ಬೆಂಚಿನ ಮೇಲೆ ನಿಲ್ಲುವ ಹೆಡ್‌ಮಾಸ್ತರನನ್ನು ಹಾಡಿದೆ. ಅಂಗಳ ಕುಣಿಯಿತು. ಆಗ ಒಬ್ಬ ಮುದುಕ, “ಮಂದೀದು ಸಾಕು, ನಿನ್ನ ಹೇಣ್ತೀದು ತೆಗಿಯಲೇ!” ಎಂದ. ಆಣೆ ಎಲ್ಲಿ ಹೋಯಿತೋ. ಸೊಂಟದ ಮೇಲೆ ಕೈಯಿಟ್ಟು, “ಉಂಡ ತಾಟು ನಿಮ್ಮ ಚಾಂದಸಾಬ ಬಂದು ಎತ್ತತಾನೇನ್ರಿ?” ಎಂದುಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು.

ಹೆಂಗಸರ ಸಾಲಿನಲ್ಲಿ ಕಸ್ತೂರಿ ಎದ್ದು ನಿಂತಳು, ಕೈಚೀಲ ಹಿಡಿದು. ಅತನೂರ ಬಸ್ಸು ಎಷ್ಟು ಗಂಟೆಗೆಂದು ಲೆಕ್ಕ ಹಾಕತೊಡಗಿದೆ. ಆದರೆ ಅವಳು ಹೊರಟಿದ್ದು ಬಸ್ಸಿನ ಕಡೆಗಲ್ಲ, ಮೈಕಿನ ಕಡೆಗೆ!

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಕರೆಯುವುದಿಲ್ಲ. ಮದುವೆ-ಮುಂಜಿಗಳಲ್ಲಿ ಒಡಪು ಕಟ್ಟಿ, ಅದರೊಳಗೆ ಹೆಸರು ಪೋಣಿಸಿ ಹೇಳುತ್ತಾಳೆ. ಅದರಲ್ಲಿರುವುದನ್ನು ಪಂಡಿತರು ಪ್ರಾಸ ಎನ್ನುತ್ತಾರೆ. ಅದು ಕೊಯ್ಯುವ ಹತ್ಯಾರ ಎಂದು ನನಗೆ ಅಂದು ತಿಳಿಯಿತು.

“ಗ್ವಾಡಿಗಿ ಸುಣ್ಣ, ಬಾಗಿಲಿಗಿ ಬಣ್ಣ,
ಊರ ದನಿ ಎಲ್ಲಾ ತೆಗಿತಾರ ಮಲ್ಲಣ್ಣ,
ಮನ್ಯಾಗ ನನ್ನ ಮುಂದ ದನಿ ಭಾಳ ಸಣ್ಣ!”

ಹೆಂಗಸರ ಸಾಲು ಸಿಳ್ಳೆ ಹೊಡೆಯಿತು. ಹೌದು, ಸಿಳ್ಳೆ! ಕಸ್ತೂರಿ ಮೈಕು ನನ್ನತ್ತ ಚಾಚಿದಳು. “ಈಗ ನೀವು ನನ್ನ ಹೆಸರು ಹೇಳ್ರಿ. ಹೇಳಿದ್ರ ಮನಿಗಿ ಬರ್ತೀನಿ, ಇಲ್ಲಂದ್ರ ಅತನೂರ.”

ಹೆಡ್‌ಮಾಸ್ತರನ ಗಡಸು ದನಿಯಲ್ಲಿ ಶುರು ಮಾಡಿದೆ.

“ನಾ ಅವರಿಗಿ ಲಗ್ನ ಆಗಿಲ್ರಿ,” ಎಂದಳು.

ಕಂಡಕ್ಟರನ ದನಿ ಹಿಡಿದೆ.

“ಇವರಿಗೂ ಆಗಿಲ್ಲ.”

ಟೇಪು ತಿರುಗುತ್ತಿತ್ತು. ನಗು ನಿಂತಿತು. ನನ್ನ ಸ್ವಂತ ದನಿಯನ್ನು ಗಂಟಲಲ್ಲಿ ತಡಕಾಡಿದೆ. ಬಳಸದೆ ಬಿಟ್ಟ ಕೀಲಿಯಂತೆ ಅದು ತುಕ್ಕು ಹಿಡಿದಿತ್ತು. ಪ್ರಾಸವೂ ಹೊಳೆಯಲಿಲ್ಲ. ಕೊನೆಗೆ, “ಕಸ್ತೂರಿ,” ಎಂದೆ. ಅಷ್ಟೇ. ಅವಳು ನಾಚಿ ಸೆರಗು ಬಾಯಿಗಿಟ್ಟುಕೊಂಡು ಹೋಗಿ ಕೂತಳು. ನೆಲೋಗಿ ಚಪ್ಪಾಳೆ ಹೊಡೆಯಿತು.

ಮರುದಿನ ಅಂಗಡಿಯಲ್ಲಿ ಚಾಂದಸಾಬರು ಆ ತುಣುಕನ್ನು ಕತ್ತರಿಸಲು ಹೊರಟರು. “ದನಿ ಒಡದದ, ಎಂಥಾ ಮಿಮಿಕ್ರಿ ಇದು?”

“ಬಿಡ್ರಿ ಚಾಂದಣ್ಣ,” ಎಂದಳು ಕಸ್ತೂರಿ. “ಇಡೀ ಕ್ಯಾಸೆಟ್ಟಿನ್ಯಾಗ ನನ್ನ ಗಂಡ ಇರೋದು ಅಷ್ಟೇ.”

ಬಿಟ್ಟರು. ಈಗ ಅಫಜಲಪುರದಿಂದ ಆಳಂದದವರೆಗೆ ಚಹಾದಂಗಡಿಗಳಲ್ಲಿ ಅದೇ ಕ್ಯಾಸೆಟ್ಟು. ನನ್ನ ಹಾಡುಗಳಿಗೆ ಗಂಡಸರು ತೊಡೆ ತಟ್ಟಿ ನಗುತ್ತಾರೆ. ಆ ಒಂದು ಹೆಸರು ಬಂದಾಗ ಮಾತ್ರ ಸುಮ್ಮನಾಗಿ ಬಸಿಯೊಳಗಿನ ಚಹಾ ನೋಡುತ್ತಾರೆ. ತಂತಮ್ಮ ಮನೆಯಾಕೆಯ ಹೆಸರನ್ನು ಬಾಯೊಳಗೇ ಒಮ್ಮೆ ಹೇಳಿ ನೋಡಿಕೊಳ್ಳುತ್ತಾರೆಂದು ನನ್ನ ಗುಮಾನಿ.