ಬಿಚ್ಚಿ ಹಾಕಿದ ಗಿಳಿ

ಸವದತ್ತಿಯ ಕಸೂತಿ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಬಟ್ಟೆಯ ತುಂಡಿನ ಮೇಲೆ ಹಾಕುವ ಮೊದಲ ಗಿಳಿ ಎಷ್ಟೇ ಸೊಟ್ಟಗಿದ್ದರೂ ಅಲ್ಲಿ ಕಲಿಸುವ ಸುಂದರವ್ವ ಅದನ್ನು ಬಿಚ್ಚಿಸುವುದಿಲ್ಲ. ಹಳೆಯ ಸೀರೆಗಳಿಂದ ಚೀಲ, ಜಾಕೀಟು ಹೊಲಿಸಿ ಮಾರುವ ಡಿಸೈನರ್ ಪ್ರಜ್ಞಾ ಆ ಗಿಳಿಗಳನ್ನು ಚೀಲಗಳ ಒಳಜೇಬಿಗೆ ಹಚ್ಚುತ್ತಾಳೆ. "ಆಯಿ, ನಿಮ್ಮಂಥಾ ಮೆತ್ತನ್ನ ಟೀಚರ್‌ನ ನಾ ಎಲ್ಲೂ ನೋಡಿಲ್ರಿ" ಎಂದು ನಗುತ್ತಾಳೆ. ಸುಂದರವ್ವ ನಗುವುದಿಲ್ಲ.

ಮೊದಲು ಆಕೆ ಹೀಗಿರಲಿಲ್ಲ. ತನ್ನೂರು ಮುನವಳ್ಳಿಯಲ್ಲಿ ಆಕೆಯ ಕೈಗೆ ಹೆಸರಿತ್ತು. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಚಿತ್ರ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಹಿಂದೂ ಮುಂದೂ ಒಂದೇ ಕಾಣಬೇಕು. ಮದುವೆಯಲ್ಲಿ ಬೀಗರ ಕಡೆಯ ಹೆಂಗಸರು ಮದುಮಗಳ ಸೆರಗು ಮಗುಚಿ ನೋಡುತ್ತಿದ್ದರು. ಗಂಟು ಕಂಡರೆ ತಾಯಿಯ ಮೇಲೆ ಮಾತು ಬರುತ್ತಿತ್ತು.

ಮಗಳು ಅನ್ನಪೂರ್ಣಾಳ ಮದುವೆ ಗೊತ್ತಾದಾಗ ಸುಂದರವ್ವ ಕರಿ ಚಂದ್ರಕಾಳಿ ಸೀರೆಯ ಸೆರಗಿಗೆ ಗಿಳಿಗಳ ಸಾಲು ಹಾಕಲು ಕುಳಿತಳು. ತನಗೂ ಸೂಜಿ ಕೊಡೆಂದು ಮಗಳು ಕಾಡಿದರೂ ಕೊಡಲಿಲ್ಲ. ಒಂದು ಮಧ್ಯಾಹ್ನ ತಾಯಿ ಹೊಲಕ್ಕೆ ಹೋದಾಗ ಅನ್ನಪೂರ್ಣಾ ಸಾಲಿನ ನಡುವೆ ತಾನೇ ಒಂದು ಗಿಳಿ ಹಾಕಿದಳು. ಸಂಜೆ ಸುಂದರವ್ವ ಸೆರಗು ಮಗುಚಿದರೆ, ಗಂಟು!

"ಬೀಗರ ಮುಂದ ನನ್ನ ಮೂಗ ಕೊಯ್ಸಬೇಕಂತ ಮಾಡೀಯೇನ?"

ಅಲ್ಲೇ ಕುಳಿತು ಬಿಚ್ಚಿ, ಆ ಜಾಗದಲ್ಲಿ ತನ್ನ ಗಿಳಿ ಹಾಕಿದಳು. ಮಗಳು ದಾರದ ತುಂಡುಗಳನ್ನು ಆರಿಸಿ ಒಲೆಗೆ ಹಾಕಿದಳು. ಮತ್ತೆಂದೂ ಸೂಜಿ ಕೇಳಲಿಲ್ಲ.

ಈಗ ಅನ್ನಪೂರ್ಣಾ ಸವದತ್ತಿ ಪೇಟೆಯಲ್ಲಿ ಸೀರೆಗಳಿಗೆ ಫಾಲ್, ಪಿಕೋ ಮಾಡುತ್ತಾಳೆ. ತಾಯಿಯ ಶಿಷ್ಯೆಯರು ಕಸೂತಿ ಹಾಕಿದ ಸೀರೆಗಳೂ ಅವಳ ಮಷಿನ್ನಿಗೇ ಬರುತ್ತವೆ. ಇತ್ತೀಚೆಗೆ ಸುಂದರವ್ವನ ಕಣ್ಣಿಗೆ ಎಳೆ ಸರಿಯಾಗಿ ಕಾಣುತ್ತಿಲ್ಲ. ತನ್ನ ಜಾಗದಲ್ಲಿ ಮಗಳು ಕುಳಿತು ಕಲಿಸಬೇಕೆಂಬುದೊಂದೇ ಆಸೆ.

ಹುಡುಗಿಯರಿಗೆ ತೋರಿಸಲು ಹಳೆಯ ಸೀರೆ ಬೇಕೆಂದು ಪ್ರಜ್ಞಾ ಕೇಳಿದ್ದಕ್ಕೆ ಅನ್ನಪೂರ್ಣಾ ತನ್ನ ಮದುವೆ ಸೀರೆ ತಂದಳು.

"ಇದಕ್ಕ ಕತ್ತರಿ ಹಚ್ಚಿ ಚೀಲಾ ಮಾಡೀರಿ ಮತ್ತ!" ಎಂದಳು ಪ್ರಜ್ಞಾಳಿಗೆ.

ಸುಂದರವ್ವ ಮಗಳ ಕೈ ಹಿಡಿದಳು. "ನೀನೂ ಬಾರs. ಕಲಿಸ್ತೇನಿ. ನನ್ನ ಹಿಂದ ಇದನ್ನ ನೀನs ನೋಡ್ಕೊ."

"ನಾ ಇಲ್ಲಿ ಕುಂತ್ರ ಅಲ್ಲಿ ಪಿಕೋ ನೀ ಮಾಡ್ತೀಯೇನವ್ವಾ?"

ಹುಡುಗಿಯರೆಲ್ಲ ನಕ್ಕರು. ಅನ್ನಪೂರ್ಣಾ ಮೇಜಿನ ಮೇಲಿದ್ದ ಒಂದು ಸೊಟ್ಟ ಗಿಳಿ ಎತ್ತಿಕೊಂಡು ಮಗುಚಿದಳು. "ಇದಕ್ಕ ಗಂಟ ಐತಲ್ಲ?"

"ಇರ್ಲಿ ಬಿಡ. ಮೊದಲನೇದು."

ಅನ್ನಪೂರ್ಣಾ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಹೌದನ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಕೈ ಅವತ್ತs ನಿಂತಬಿಡ್ತವ್ವಾ. ಈಗ ಕರದ್ರ ಬರೂದಿಲ್ಲ." ಗಿಳಿಯನ್ನು ಇದ್ದಲ್ಲೇ ಇಟ್ಟು, ಗಿರಾಕಿ ಕಾಯುತ್ತಾರೆಂದು ಹೊರಟುಹೋದಳು.

ಸುಂದರವ್ವ ಮಗಳ ಮದುವೆ ಸೀರೆಯ ಸೆರಗನ್ನು ಕಿಟಕಿಯ ಬೆಳಕಿಗೆ ಹರವಿದಳು. ಸಾಲುದ್ದಕ್ಕೂ ಬೆರಳಾಡಿಸಿದಳು, ಮಗುಚಿ ಮತ್ತೆ ಆಡಿಸಿದಳು. ಎಲ್ಲೂ ಏನೂ ತಗುಲಲಿಲ್ಲ.

"ಪ್ರಜ್ಞಾ, ನಿನ್ನ ಕಣ್ಣ ಚೊಲೊ ಅದಾವ. ಇದರಾಗ ಒಂದ ಗಿಳಿ ಬಿಚ್ಚಿ ತಿರುಗಿ ಹಾಕಿದ್ದೈತಿ. ಯಾವ್ದು ನೋಡವ್ವಾ."

ಪ್ರಜ್ಞಾ ಬಗ್ಗಿ ಒಂದೊಂದನ್ನೇ ನೋಡಿದಳು. ಅವಳ ಮುಖ ಅರಳಿತು.

"ಗೊತ್ತs ಆಗೂದಿಲ್ರಿ ಆಯಿ. ಒಂದೂ ತಪ್ಪಿಲ್ಲ."